ಆಫೀಸು, ಪಂಪು, ಎದೆಹಾಲು: ಹಾಸನದ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ನನ್ನ ಮಗಳಿಗೆ ಐದು ತಿಂಗಳು. ಮನೆ ಹಾಸನದಲ್ಲಿ, ಕಚೇರಿ ಬೇಲೂರಿನಲ್ಲಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಮತ್ತೆ ಬಾಗಿಲು ತಟ್ಟುವುದು ಸಂಜೆ ಆರೂವರೆಗೆ. ಆ ಹತ್ತು ಗಂಟೆಯನ್ನು ಒಂದು ಪಂಪು, ಎರಡು ಐಸ್ ಪ್ಯಾಕು, ಒಂದು ಹಳೇ ಸ್ಟೀಲ್ ಡಬ್ಬಿ ಇಟ್ಟುಕೊಂಡು ಏಳು ತಿಂಗಳು ನಿಭಾಯಿಸಿದೆ. ಈಗ ಗೆಳತಿಯರು, ಅವರ ನಾದಿನಿಯರು, ಚಿಕ್ಕಮಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಎಲ್ಲರೂ ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಆರಾಮ, ಅಲ್ವಾ?

ನಾನು ಡಾಕ್ಟರ್ ಅಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗು, ಹುಷಾರಿಲ್ಲದ ಮಗು ಆದರೆ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದಂತೆ ಮಾಡಿ. ಇಲ್ಲಿ ಹೇಳಿರುವುದು ಆರೋಗ್ಯವಾಗಿರುವ, ದಿನ ತುಂಬಿ ಹುಟ್ಟಿದ ಮಗುವಿಗೆ.

ಪಂಪಿನ ಭಾಗಗಳನ್ನು ಪ್ರತಿ ಸಲ ತೊಳೆಯಲೇಬೇಕಾ?

ತೊಳೆಯಲೇಬೇಕು. ಎದೆಗೆ ಇಡುವ ಫನಲ್, ಅದರ ಕೆಳಗಿನ ಕನೆಕ್ಟರ್, ಚಿಕ್ಕ ವಾಲ್ವ್, ಬಾಟ್ಲಿ, ಹೀಗೆ ಹಾಲು ತಾಗಿದ್ದೆಲ್ಲ ಪ್ರತಿ ಸಲ ತೊಳೆಯಬೇಕು. ತೊಳೆಯುವ ಮೊದಲು ಎಲ್ಲವನ್ನೂ ಬಿಡಿಬಿಡಿಯಾಗಿ ಬಿಚ್ಚಿ. ವಾಲ್ವ್ ಬಿಚ್ಚದೆ ತೊಳೆದರೆ ಅದರ ಸೀಳಿನ ಒಳಗೆ ಹಾಲಿನ ಜಿಡ್ಡು ಹಾಗೇ ಕೂತಿರುತ್ತದೆ. ಒಂದು ದಿನ ಬೆಳಕಿಗೆ ಹಿಡಿದು ನೋಡಿ. ಹಳದಿ ಗೆರೆ ಕಂಡರೆ ಅದೇ.

ಮೊದಲು ಬರೀ ತಣ್ಣೀರಿನಲ್ಲಿ ಒಂದು ಸಲ ಜಾಲಿಸಿ. ಶುರುವಿಗೇ ಬಿಸಿನೀರು ಹಾಕಿದರೆ ಹಾಲು ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ, ಹಾಲಿನ ಪಾತ್ರೆ ತೊಳೆದವರಿಗೆ ಇದು ಗೊತ್ತು. ಆಮೇಲೆ ಬಿಸಿನೀರು, ಸೋಪು, ಬ್ರಷ್. ಕೊನೆಗೆ ಹರಿಯುವ ನೀರಿನಲ್ಲಿ ಸೋಪು ಹೋಗುವ ತನಕ ತೊಳೆದು ಗಾಳಿಗೆ ಒಣಗಲು ಬಿಡಿ. ಅಡುಗೆಮನೆ ಬಟ್ಟೆಯಲ್ಲಿ ಒರೆಸಬೇಡಿ. ಆ ಬಟ್ಟೆ ಬೆಳಿಗ್ಗೆಯಿಂದ ಏನೇನು ಒರೆಸಿದೆಯೋ!

ಮೋಟರ್ ನೀರಿಗೆ ಹಾಕುವ ವಸ್ತು ಅಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಟ್ಯೂಬಿನೊಳಗೆ ಹಾಲು ಹೋಗದಿದ್ದರೆ ಅದನ್ನೂ ತೊಳೆಯಬೇಕಿಲ್ಲ. ಒಳಗೆ ಹನಿ ಹನಿ ನೀರು ಕಂಡರೆ ಟ್ಯೂಬ್ ಸಿಕ್ಕಿಸಿ, ಪಂಪನ್ನು ಖಾಲಿ ಎರಡು ಮೂರು ನಿಮಿಷ ಓಡಿಸಿ. ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಆ ಟ್ಯೂಬ್ ತೊಳೆಯಲು ಹೋಗಬೇಡಿ, ಬಿಸಾಡಿ ಹೊಸದು ತನ್ನಿ.

ಕಚೇರಿಯ ಸಿಂಕ್ ನೋಡಿದರೆ ವಾಕರಿಕೆ ಬರುತ್ತದೆ. ಅಲ್ಲೇ ತೊಳೆಯಬೇಕಾ?

ನಲ್ಲಿ ಬಳಸಿ, ಸಿಂಕ್ ಬಳಸಬೇಡಿ. ನಮ್ಮ ಕಚೇರಿಯ ಸಿಂಕಿನಲ್ಲಿ ಟೀ ಸೊಪ್ಪು, ಉಪ್ಪಿನಕಾಯಿ ಎಣ್ಣೆ, ಯಾರೋ ಬಾಯಿ ಮುಕ್ಕಳಿಸಿದ ನೀರು ಎಲ್ಲ ಸೇರಿರುತ್ತಿತ್ತು. ಅಂಥ ಕಡೆ ಭಾಗಗಳನ್ನು ನೇರ ಹಾಕಬಾರದು. ನಾನು ಒಂದು ಅಗಲ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದೆ, ಮೊದಲು ಚಕ್ಕುಲಿ ತುಂಬಿಡುತ್ತಿದ್ದ ಡಬ್ಬಿ. ಬರುವಾಗ ಅದರಲ್ಲೇ ಪಂಪಿನ ಭಾಗ, ತೊಳೆಯುವಾಗ ಅದೇ ಬೇಸಿನ್. ಒಂದು ಚಿಕ್ಕ ಬಾಟ್ಲಿ ಸೋಪು, ಈ ಕೆಲಸಕ್ಕೇ ಮೀಸಲಾದ ಒಂದು ಬ್ರಷ್, ಫ್ಲಾಸ್ಕಿನಲ್ಲಿ ಬಿಸಿನೀರು. ಇಷ್ಟಿದ್ದರೆ ಎಲ್ಲಿ ಬೇಕಾದರೂ ತೊಳೆಯಬಹುದು. ದಿನಕ್ಕೊಮ್ಮೆ ಆ ಡಬ್ಬಿಯನ್ನೂ ಬ್ರಷ್ಷನ್ನೂ ಚೆನ್ನಾಗಿ ತೊಳೆದು ಒಣಗಿಸಿ. ಬ್ರಷ್ಷೇ ಕೊಳೆ ಆದರೆ ಉಳಿದದ್ದು ಯಾಕೆ?

ಇದೆಲ್ಲದಕ್ಕೂ ಮೊದಲು ಕೈ ತೊಳೆಯಿರಿ. ಫೈಲು, ದುಡ್ಡು, ಬಸ್ಸಿನ ಕಂಬಿ ಮುಟ್ಟಿದ ಕೈ ಅದು.

ತೊಳೆಯುವಷ್ಟು ಟೈಮ್ ಇಲ್ಲ. ಭಾಗಗಳನ್ನು ಹಾಗೇ ಫ್ರಿಡ್ಜಿನಲ್ಲಿಟ್ಟು ಮತ್ತೆ ಬಳಸಬಹುದಾ?

ತುಂಬಾ ಜನ ಹಾಗೆ ಮಾಡುತ್ತಾರೆ. ತಣ್ಣಗಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ ಆಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಎರಡು ಮೂರು ತಿಂಗಳ ಒಳಗಿನ ಎಳೆ ಮಗು, ದಿನ ತುಂಬದೆ ಹುಟ್ಟಿದ ಮಗು ಇದ್ದರೆ ಈ ದಾರಿ ಬೇಡವೇ ಬೇಡ.

ನನ್ನ ಸಲಹೆ ಕೇಳಿದರೆ ದುಡ್ಡು ಖರ್ಚು ಮಾಡಬೇಕಾದ್ದು ಇಲ್ಲಿ. ದುಬಾರಿ ಪಂಪ್ ಬೇಡ, ಮಾಮೂಲಿ ಪಂಪಿಗೇ ಇನ್ನೊಂದು ಸೆಟ್ ಭಾಗ ತಗೊಳ್ಳಿ. ದಿನಕ್ಕೆ ಎರಡು ಸಲ ಹಿಂಡುವವರಿಗೆ ಎರಡು ಸೆಟ್ ಇದ್ದರೆ ಕಚೇರಿಯಲ್ಲಿ ತೊಳೆಯುವ ಕೆಲಸವೇ ಇಲ್ಲ. ಬಳಸಿದ್ದನ್ನು ಒಮ್ಮೆ ನೀರಿನಲ್ಲಿ ಜಾಲಿಸಿ ಬೇರೆ ಚೀಲಕ್ಕೆ ಹಾಕಿ, ಮನೆಗೆ ಹೋದ ಕೂಡಲೇ ಸೋಪು ಹಾಕಿ ತೊಳೆಯಿರಿ.

ದಿನಾ ಕುದಿಸಬೇಕಾ?

ಎರಡು ತಿಂಗಳ ಒಳಗಿನ ಮಗುವಿಗೆ ದಿನಕ್ಕೆ ಒಮ್ಮೆಯಾದರೂ ಕುದಿಸಿದರೆ ಒಳ್ಳೆಯದು. ದೊಡ್ಡ ಮಗುವಿಗೆ ಪ್ರತಿ ಸಲ ಚೆನ್ನಾಗಿ ತೊಳೆದು ಒಣಗಿಸುತ್ತಿದ್ದರೆ ದಿನಾ ಕುದಿಸಲೇಬೇಕು ಅಂತೇನಿಲ್ಲ. ತೊಳೆದಾದ ಮೇಲೆ, ನೀರು ಮೇಲೆ ಕೆಳಗೆ ಕುದಿಯಲು ಶುರುವಾದ ಮೇಲೆ ಲೆಕ್ಕ ಹಾಕಿ 5 ನಿಮಿಷ. ತೊಳೆಯದೆ ಕುದಿಸಿದರೆ ಪ್ರಯೋಜನ ಇಲ್ಲ. ಯಾವ ಭಾಗ ಬಿಸಿ ತಡೆಯುತ್ತದೆ ಅಂತ ಪಂಪಿನ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಅಂದಹಾಗೆ ಒಲೆ ಮೇಲಿಟ್ಟು ಫೋನ್ ಹಿಡಿಯಬೇಡಿ. ಒಂದು ಭಾನುವಾರ ನಾನು ಅಕ್ಕನ ಜೊತೆ ಮಾತಿಗೆ ಕೂತೆ. ಮೂಗಿಗೆ ಸುಟ್ಟ ವಾಸನೆ ಬಂದಾಗ ನೀರು ಆರಿತ್ತು, ಎರಡು ವಾಲ್ವ್ ಪಾತ್ರೆಯ ತಳಕ್ಕೆ ಅಂಟಿ ದೋಸೆ ಆಗಿದ್ದವು. ಮರುದಿನ ಸೋಮವಾರ. ಇಡೀ ದಿನ ಕೈಯಲ್ಲೇ ಹಿಂಡಿದೆ. ಅವತ್ತಿನಿಂದ ತಳಕ್ಕೆ ಒಂದು ಶುಭ್ರ ಬಟ್ಟೆ ಹಾಸಿ, ನೀರು ಧಾರಾಳವಾಗಿ ಹಾಕಿ, ಫೋನಿನಲ್ಲಿ ಅಲಾರಂ ಇಡುತ್ತಿದ್ದೆ.

ಬೋರ್‌ವೆಲ್ ನೀರಿನ ಬಗ್ಗೆ ಒಂದು ಮಾತು. ಗಡಸು ನೀರಿನಲ್ಲಿ ಕುದಿಸಿದರೆ ಭಾಗಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ನೀರಿನ ಸುಣ್ಣ, ಹಾಲಿನ ಕಲೆ ಅಲ್ಲ. ಫಿಲ್ಟರ್ ನೀರಿನಲ್ಲಿ ಕುದಿಸಿದರೆ ಆ ತಲೆನೋವು ಇರುವುದಿಲ್ಲ. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅದಕ್ಕೆ ಹೆದರಬೇಡಿ, 5 ನಿಮಿಷಕ್ಕೆ ಅಷ್ಟು ಬಿಸಿ ಸಾಕು.

ಮಳೆಗಾಲದಲ್ಲಿ ಏನೂ ಒಣಗುತ್ತಿಲ್ಲ. ಏನು ಮಾಡಲಿ?

ಈ ಪ್ರಶ್ನೆ ಚಿಕ್ಕಮಗಳೂರಿನ ತಂಗಿಯದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆಯೂ ಇದೇ. ಜನ ಹಾಲನ್ನು ಎಷ್ಟು ಗಂಟೆ ಇಡಬಹುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಪಂಪ್ ಒಣಗಿದೆಯಾ ಅಂತ ನೋಡುವುದಿಲ್ಲ. ತೊಳೆದ ಭಾಗಗಳನ್ನು ಒದ್ದೆಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ ತೊಳೆದ ಶ್ರಮ ಅರ್ಧ ನೀರುಪಾಲು. ಬೂಷ್ಟಿಗೆ ಬೇಕಾದ್ದೇ ಮುಚ್ಚಿದ ಒದ್ದೆ ಜಾಗ.

ಜುಲೈ ತಿಂಗಳ ಮಲೆನಾಡು ನಿಮಗೆ ಗೊತ್ತಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನ ಆದರೂ ತಣ್ಣಗೇ ಇರುತ್ತದೆ. ಪಂಪಿನ ಭಾಗ ಮಾತ್ರ ಒಣಗಿ ಬಿಡುತ್ತದಾ? ತಂಗಿ ಮೊದಲು ಅಡುಗೆಮನೆ ಕಿಟಕಿ ಹತ್ತಿರ ಇಡುತ್ತಿದ್ದಳು, ಇನ್ನಷ್ಟು ಪಸೆ ಆಗುತ್ತಿತ್ತು. ಆಮೇಲೆ ನಾವಿಬ್ಬರೂ ಸೇರಿ ಕಂಡುಕೊಂಡಿದ್ದು ಇಷ್ಟು: ಭಾಗಗಳನ್ನು ಮೊದಲು ಚೆನ್ನಾಗಿ ಕೊಡವಿ. ಎಲ್ಲಿ ನೀರು ನಿಲ್ಲುತ್ತದೋ ಆ ಬಾಯಿ ಕೆಳಗೆ ಬರುವ ಹಾಗೆ ಜಾಲರಿ ಸ್ಟ್ಯಾಂಡಿನ ಮೇಲೆ ಜೋಡಿಸಿ. ಕೆಳಗೆ ಪೇಪರ್ ಟವೆಲ್ ಅಥವಾ ಇಸ್ತ್ರಿ ಮಾಡಿದ ಹತ್ತಿ ಬಟ್ಟೆ ಹಾಸಿ, ರೂಮಿನ ಬಾಗಿಲು ಹಾಕಿ, ಫ್ಯಾನ್ ಹಾಕಿ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ವಾಲ್ವ್ ಹಿಂಡಿ ನೋಡಿ. ತುದಿಯಲ್ಲಿ ಒಂದು ಹನಿ ಬಂದರೂ ಇನ್ನೂ ಒಣಗಿಲ್ಲ ಅಂತಲೇ ಅರ್ಥ.

ಅಜ್ಜಿ ಒಲೆ ಪಕ್ಕ ಇಡು ಅಂದರಂತೆ. ಹೊಗೆ, ಮಸಿ ಇರುವ ಕಡೆ ಬೇಡ. ಮಳೆಗಾಲಕ್ಕೆ ಎರಡನೇ ಸೆಟ್ ಇಟ್ಟುಕೊಳ್ಳಿ ಅಂತ ನಾನು ಒತ್ತಿ ಹೇಳುವುದೂ ಇದಕ್ಕೇ. ಒಂದು ಕೆಲಸಕ್ಕೆ, ಇನ್ನೊಂದು ಒಣಗಲಿಕ್ಕೆ.

ಹಿಂಡಿದ ಹಾಲು ಎಷ್ಟು ಹೊತ್ತು ಇಡಬಹುದು?

ನಾಲ್ಕು, ನಾಲ್ಕು, ಆರು ಅಂತ ನೆನಪಿಟ್ಟುಕೊಳ್ಳಿ. ಹೊರಗೆ, 25 ಡಿಗ್ರಿ ಒಳಗಿನ ತಂಪಿನಲ್ಲಿ, 4 ಗಂಟೆ. ಫ್ರಿಡ್ಜಿನಲ್ಲಿ 4 ದಿನ. ಬೇರೆ ಬಾಗಿಲಿರುವ ಫ್ರೀಜರಿನಲ್ಲಿ 6 ತಿಂಗಳು. ಹೊರಗೆ ಆರು, ಎಂಟು ಗಂಟೆ ಇಡಬಹುದು ಅಂತ ಹೇಳುವವರೂ ಇದ್ದಾರೆ. ಡಿಸೆಂಬರಿನ ಹಾಸನದಲ್ಲಿ ಆ ಮಾತು ನಡೆದೀತು. ಏಪ್ರಿಲ್ ಮಧ್ಯಾಹ್ನ ಶೀಟಿನ ಛಾವಣಿ ಕೆಳಗೆ ನಾನಂತೂ 4 ಗಂಟೆಯನ್ನೂ ಕಾಯುವುದಿಲ್ಲ.

ಒಂದೇ ಬಾಗಿಲಿನ ಫ್ರಿಡ್ಜು, ಒಳಗೆ ಪುಟ್ಟ ಐಸ್ ಪೆಟ್ಟಿಗೆ ಇರುವವರು ಆರು ತಿಂಗಳ ಲೆಕ್ಕ ಬಿಡಿ. ಅಲ್ಲಿ ಎರಡು ವಾರ ಅಂತ ಇಟ್ಟುಕೊಳ್ಳಿ. ಹಾಲನ್ನು ಫ್ರಿಡ್ಜಿನ ಬಾಗಿಲಿನಲ್ಲಿ ಇಡಬೇಡಿ. ಬಾಗಿಲು ತೆಗೆದಾಗೆಲ್ಲ ಬೆಚ್ಚಗಾಗುವುದು ಅದೇ ಜಾಗ. ಒಳಗೆ, ಹಿಂಭಾಗದಲ್ಲಿ ಇಡಿ. ಬಾಟ್ಲಿ ಮೇಲೆ ತಾರೀಖು, ಗಂಟೆ ಬರೆಯಿರಿ. ಫ್ರೀಜರಿಗೆ ಹಾಕುವಾಗ ಬಾಟ್ಲಿ ತುಂಬಾ ತುಂಬಿಸಬೇಡಿ, ಗಟ್ಟಿಯಾದಾಗ ಹಾಲು ಉಬ್ಬುತ್ತದೆ.

ಫ್ರೀಜರಿನಿಂದ ತೆಗೆದು ಫ್ರಿಡ್ಜಿನಲ್ಲಿ ಕರಗಿಸಿದ ಹಾಲನ್ನು 24 ಗಂಟೆ ಒಳಗೆ ಮುಗಿಸಿ. ಮತ್ತೆ ಫ್ರೀಜ್ ಮಾಡಬೇಡಿ. ಮಗು ಬಾಯಿ ಇಟ್ಟು ಬಿಟ್ಟ ಹಾಲು 2 ಗಂಟೆ, ಆಮೇಲೆ ಚೆಲ್ಲಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು.

ಕಚೇರಿಯಲ್ಲಿ ಫ್ರಿಡ್ಜೇ ಇಲ್ಲ.

ನಮ್ಮಲ್ಲೂ ಇರಲಿಲ್ಲ. ಒಳಗೆ ಥರ್ಮೋಕೋಲಿನಂಥ ಪದರ ಇರುವ ಚೀಲ, ಪೂರ್ತಿ ಗಟ್ಟಿಯಾದ ಐಸ್ ಪ್ಯಾಕ್ ಇದ್ದರೆ ಹಾಲನ್ನು 24 ಗಂಟೆ ತನಕ ಇಡಬಹುದು. ಬಾಟ್ಲಿ ಐಸ್ ಪ್ಯಾಕಿಗೆ ತಾಗಿರಬೇಕು, ಚೀಲ ಸುಮ್ನೆ ಸುಮ್ನೆ ತೆಗೆಯಬಾರದು. ನಾನು ಎರಡು ಪ್ಯಾಕಿನ ನಡುವೆ ಬಾಟ್ಲಿ ನಿಲ್ಲಿಸಿ ಸುತ್ತಲೂ ಟವೆಲ್ ತುರುಕುತ್ತಿದ್ದೆ. ಸಂಜೆ ಮನೆಯಲ್ಲಿ ತೆಗೆದಾಗ ಪ್ಯಾಕಿನ ಮಧ್ಯೆ ಇನ್ನೂ ಗಟ್ಟಿ ಇದ್ದರೆ ಅವತ್ತು ಪಾಸು.

ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಕರಗುತ್ತಿತ್ತು. ಎದುರಿನ ಬೇಕರಿಯವರನ್ನು ಸಂಕೋಚದಿಂದಲೇ ಕೇಳಿದೆ. ಬೆಂಗಳೂರಿಗೆಲ್ಲ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ನಮ್ಮದು, ಫ್ರೀಜರಿಗೆ ಬರವೇ? "ಐಸ್‌ಕ್ರೀಂ ಪಕ್ಕ ಇಡಿ ಮೇಡಂ" ಅಂದರು. ಬೆಳಿಗ್ಗೆ ಒಂದು ಜೊತೆ ಅಲ್ಲಿಡುತ್ತಿದ್ದೆ, ಊಟದ ಹೊತ್ತಿಗೆ ಬದಲಾಯಿಸುತ್ತಿದ್ದೆ. ಬದಲಿಗೆ ದಿನಾ ಒಂದು ಬನ್ ತಿಂದೆ. ಬಾಣಂತನದ ತೂಕ ಇಳಿಯದಿದ್ದಕ್ಕೆ ಅದೂ ಒಂದು ಕಾರಣ.

ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಡ್ಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ಫ್ರೀಜರ್ ಇನ್ನೂ ಜಾಸ್ತಿ ಹೊತ್ತು, ಅದೂ ತುಂಬಿದ್ದರೆ. ಖಾಲಿ ಜಾಗ ಇದ್ದರೆ ನೀರಿನ ಬಾಟ್ಲಿ ತುಂಬಿಸಿ ಇಟ್ಟುಬಿಡಿ, ಅವೇ ಐಸ್ ಆಗಿ ಕಾಯುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಅಂಥ ಊರಿನವರು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾಲು ಕೂಡಿಡುವ ಆಸೆ ಬಿಡುವುದು ಒಳ್ಳೆಯದು. ಇವತ್ತು ಹಿಂಡಿದ್ದು ನಾಳೆಗೆ, ಅಷ್ಟೇ.

ಎಷ್ಟು ಹಾಲು ಬಿಟ್ಟು ಹೋಗಬೇಕು?

ಬಿಟ್ಟಿರುವ ಪ್ರತಿ ಗಂಟೆಗೆ 30ರಿಂದ 45 ಎಂ.ಎಲ್. ಅಂದರೆ ನನ್ನ ಹತ್ತು ಗಂಟೆಗೆ 300ರಿಂದ 450. ಒಂದೇ ದೊಡ್ಡ ಬಾಟ್ಲಿ ಬೇಡ, 60, 90 ಎಂ.ಎಲ್. ಹೀಗೆ ಚಿಕ್ಕ ಪಾಲು ಮಾಡಿ. ಕಡಿಮೆ ಚೆಲ್ಲುತ್ತದೆ.

ಬೆಳಗಿನ ಹಾಲಿಗೆ ಮಧ್ಯಾಹ್ನದ್ದು ಸೇರಿಸಬಹುದಾ?

ಸೇರಿಸಬಹುದು, ಎರಡೂ ತಣ್ಣಗಾದ ಮೇಲೆ. ಬೆಚ್ಚಗಿನ ಹಾಲನ್ನು ತಣ್ಣನೆ ಹಾಲಿಗೆ ಸುರಿಯಬೇಡಿ. ತಾರೀಖು, ಗಂಟೆ ಮಾತ್ರ ಹಳೆಯದರದ್ದೇ.

ಹಾಲು ಒಡೆದ ಹಾಗೆ ಕಾಣುತ್ತದೆ, ಸೋಪಿನ ವಾಸನೆ ಬರುತ್ತದೆ. ಕೆಟ್ಟಿತಾ?

ಮೇಲೆ ಕೆನೆ, ಕೆಳಗೆ ನೀರು ನೀರು ಕಂಡರೆ ಒಡೆದಿಲ್ಲ. ಎದೆಹಾಲು ನಿಂತರೆ ಹಾಗೇ ಬೇರೆಯಾಗುತ್ತದೆ. ಬಾಟ್ಲಿಯನ್ನು ಮೆಲ್ಲಗೆ ಸುತ್ತ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಸೋಪಿನ ವಾಸನೆಗೆ ಕಾರಣ ಲೈಪೇಸ್ ಅನ್ನುವ ಕಿಣ್ವ, ಅದು ಹಾಲಿನಲ್ಲೇ ಇರುತ್ತದೆ, ಕೊಬ್ಬನ್ನು ಒಡೆಯುತ್ತದೆ. ಮಗು ಕುಡಿದರೆ ಕೊಡಿ, ತೊಂದರೆ ಇಲ್ಲ. ಹುಳಿ ಹುಳಿ, ಕೆಟ್ಟ ವಾಸನೆ ಬಂದರೆ ಬೇರೆ ಮಾತು, ಚೆಲ್ಲಿ.

ಅತ್ತೆ ಹಾಲನ್ನು ಕಾಯಿಸುತ್ತಾರೆ. ಹೇಗೆ ಹೇಳಲಿ?

ನಮ್ಮ ಮನೆಯಲ್ಲೂ ಮೊದಲ ದಿನ ಅದೇ ಆಯಿತು. ಸಂಜೆ ಬಂದು ನೋಡಿದರೆ ಸಿಂಕಿನಲ್ಲಿ ಹಾಲು ಕಾಯಿಸುವ ಪಾತ್ರೆ, ಅಂಚಿನಲ್ಲಿ ತೆಳ್ಳಗೆ ಕೆನೆ. "ಹಸಿ ಹಾಲು ಕೊಡ್ತಾರೇನಮ್ಮ ಕೂಸಿಗೆ? ಉಕ್ಕು ಬರಿಸಿ ಆರಿಸಿ ಕೊಟ್ಟೆ" ಅಂದರು ಅತ್ತೆ. ನಲವತ್ತು ವರ್ಷ ಹಸುವಿನ ಹಾಲು ಕಾಯಿಸಿದ ಕೈ ಅದು. ಅವರ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯೇ ಅಲ್ವಾ? ನಾನು ಕೂಗಾಡಲಿಲ್ಲ. "ಅತ್ತೆ, ಎದೆಯಿಂದ ಕುಡಿಯುವಾಗ ಯಾರೂ ಕಾಯಿಸಲ್ಲವಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು.

ಕುದಿಸಿದರೆ ಎದೆಹಾಲಿನಲ್ಲಿ ರೋಗ ತಡೆಯುವ ಅಂಶಗಳು ಹಾಳಾಗುತ್ತವೆ. ಮೈಕ್ರೋವೇವ್ ಕೂಡ ಬೇಡ, ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಾಯಿ ಸುಡುವಷ್ಟು ಬಿಸಿ ಆಗುತ್ತದೆ. ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಬಾಟ್ಲಿ ನಿಲ್ಲಿಸಿ. ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ. ಕುಡಿಸಲು ಬಾಟ್ಲಿಯೇ ಆಗಬೇಕು ಅಂತಿಲ್ಲ. ಅತ್ತೆ ಅಟ್ಟದಿಂದ ಹಳೇ ಬೆಳ್ಳಿ ಒಳಲೆ ತೆಗೆದು, ತೊಳೆದು, ಕುದಿಸಿ, ಅದರಲ್ಲೇ ಕುಡಿಸಿದರು. ಒಳಲೆ ತೊಳೆಯುವುದು ಬಾಟ್ಲಿಗಿಂತ ಎಷ್ಟೋ ಸುಲಭ, ಮೂಲೆಯೇ ಇಲ್ಲ.

ದೃಷ್ಟಿ ತಾಗುತ್ತದೆ, ಹಾಲು ಬಟ್ಟೆ ಮುಚ್ಚಿ ತಾ ಅಂದರೆ ಮುಚ್ಚಿಯೇ ತನ್ನಿ. ಮುಚ್ಚುವುದರಲ್ಲಿ ನಷ್ಟವೇನಿದೆ.

ಕಚೇರಿಯಲ್ಲಿ ಎಲ್ಲಿ ಕೂತು ಹಿಂಡುವುದು? ಕಾನೂನು ಏನು ಹೇಳುತ್ತದೆ?

ಟಾಯ್ಲೆಟ್ ಬೇಡ. ನೀವು ಅಲ್ಲಿ ಕೂತು ಊಟ ಮಾಡುವುದಿಲ್ಲ, ಮಗುವಿನ ಊಟವೂ ಅಲ್ಲಿ ತಯಾರಾಗಬಾರದು. ನನಗೆ ಸಿಕ್ಕಿದ್ದು ಹಳೇ ಕಡತದ ಕೋಣೆ. ಚಿಲಕ ಇರಲಿಲ್ಲ. ಮೊದಲ ವಾರ ಬಾಗಿಲಿಗೆ ಕುರ್ಚಿ ಒತ್ತಿ ಅದರ ಮೇಲೇ ಕೂತು ಹಿಂಡಿದೆ. ಯಾರೋ ಫೈಲ್ ಬೇಕು ಅಂತ ಬಾಗಿಲು ತಳ್ಳಿದಾಗ ಅರ್ಧ ಬಾಟ್ಲಿ ಹಾಲು 1990ರ ದಶಕದ ಕಟ್ಟೊಂದರ ಮೇಲೆ ಚೆಲ್ಲಿತು. ಚಿಲಕಕ್ಕೆ ಎರಡು ಸಲ ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಿಸಿದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಗುವಿಗೆ 15 ತಿಂಗಳು ತುಂಬುವ ತನಕ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕೊಡಬೇಕು ಅಂತ ಇತ್ತು, ಮಾಮೂಲಿ ಊಟದ ಬಿಡುವು ಬೇರೆ. 2017ರ ತಿದ್ದುಪಡಿಯಲ್ಲಿ 26 ವಾರದ ರಜೆಯ ಜೊತೆಗೆ, 50 ಅಥವಾ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಅಂತ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡೂ ಇವೆ. ಪಂಪ್ ಅನ್ನುವ ಪದ ಅಲ್ಲಿಲ್ಲ. ಆದರೂ ಹಾಲುಣಿಸುವ ಬಿಡುವು ಅಂತ ಬರೆದು ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ.

ಪಕ್ಕದ ಮನೆಯವರು ಅವರ ಹಳೇ ಪಂಪ್ ಕೊಡುತ್ತೇನೆ ಅಂದಿದ್ದಾರೆ. ತಗೊಳ್ಳಲಾ?

ಮನೆ ಬಳಕೆಯ ಪಂಪುಗಳು ಒಬ್ಬರಿಗೆ ಅಂತಲೇ ಮಾಡಿದವು. ಹಾಲು ಮೋಟರಿನ ಒಳಗೆ ಹೋಗಿದ್ದರೆ ಅದನ್ನು ಬಿಚ್ಚಿ ತೊಳೆಯಲು ಆಗುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದೇ ಇರಬಹುದು, ಬೇಡ ಅನ್ನಿ.

ತೋಟದ ಕೆಲಸ, ಗಾರ್ಮೆಂಟ್ಸ್ ಕೆಲಸ. ಪಂಪೂ ಇಲ್ಲ, ಫ್ರಿಡ್ಜೂ ಇಲ್ಲ.

ಕೈಯೇ ಸಾಕು. ಕೈ ತೊಳೆದು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಸ್ವಲ್ಪ ಹಿಂದೆ ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳು ಕೂಡಿಸಿ, ಬಿಡಿ. ತೊಟ್ಟನ್ನೇ ಎಳೆಯಬೇಡಿ, ನೋವು ಬಿಟ್ಟರೆ ಹಾಲು ಬರುವುದಿಲ್ಲ. ಜಾಗ ಸುತ್ತ ಬದಲಿಸುತ್ತಾ ಹೋಗಿ. ಕುದಿಸಿ ಒಣಗಿಸಿದ ಅಗಲ ಬಾಯಿಯ ಸ್ಟೀಲ್ ಲೋಟ, ಅದಕ್ಕೆ ಮುಚ್ಚಳ, ನೆರಳಿನ ತಂಪು ಜಾಗ, 4 ಗಂಟೆ. ತೊಳೆಯಲು ಒಂದೇ ಪಾತ್ರೆ. ನಿಜ ಹೇಳಬೇಕೆಂದರೆ ವಾಲ್ವ್ ಸುಟ್ಟ ಆ ಸೋಮವಾರ ನನಗೆ ಪಂಪಿಗಿಂತ ಕಡಿಮೆ ಹಾಲೇನೂ ಬರಲಿಲ್ಲ.

ಮೀಟಿಂಗಿನಲ್ಲಿ ಸಿಕ್ಕಿಹಾಕಿಕೊಂಡು ಎದೆ ಕಟ್ಟಿಕೊಂಡರೆ?

ಎದ್ದು ಹೋಗಿ. ನಿಜವಾಗಿ. ನೋವು ತಗ್ಗುವಷ್ಟು ಹಿಂಡಿದರೂ ಸಾಕು. ಒಂದು ಕಡೆ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಚಳಿಜ್ವರ ಬಂದರೆ ಅದು ಬರೀ ಕಟ್ಟಿಕೊಂಡಿದ್ದಲ್ಲ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಹಾಲು ಕೊಡುವುದನ್ನು ನಿಲ್ಲಿಸಬೇಡಿ.

ಬಸ್ಸಿನಲ್ಲಿ ಚೀಲ ಎಲ್ಲಿಡುವುದು? ಯಾರಾದರೂ ಕೇಳಿದರೆ?

ತೊಡೆ ಮೇಲೆ, ಇಲ್ಲವೇ ಸೀಟಿನ ಕೆಳಗೆ ಬಿಸಿಲು ಬೀಳದ ಕಡೆ. ಒಂದು ಸಂಜೆ ಬೇಲೂರಿನಲ್ಲಿ ಬಸ್ಸು ಕಿಕ್ಕಿರಿದು ತುಂಬಿತ್ತು, ಡ್ರೈವರ್ ಪಕ್ಕದ ಬಾನೆಟ್ ಮೇಲೆ ಚೀಲ ಇಟ್ಟು ನಿಂತಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನಮ್ಮ ಅದ್ರಲ್ಲಿ?" ಅಂದರು. "ಮಗೀನ ಹಾಲು" ಅಂದೆ. "ಅಯ್ಯೋ, ಅಲ್ಲಿ ಇಂಜಿನ್ ಕಾವು ಹೊಡೆಯುತ್ತಲ್ಲಮ್ಮ, ಕೆಟ್ಟೋಗುತ್ತೆ!" ಅಂತ ತಾವೇ ಎತ್ತಿ ತಮ್ಮ ಸೀಟಿನ ಪಕ್ಕ ಇಟ್ಟರು, ಹಾಸನ ಬರುವ ತನಕ ಕಾಲಿನಲ್ಲಿ ಒತ್ತಿ ಹಿಡಿದಿದ್ದರು.